ಸರದಿ ಆಟದಲ್ಲಿ ವೇಗ ಅಂದ್ರೆ ಎಂತ?

ಗೇಮನ್ನು ಆದಷ್ಟು ಬೇಗ ಮುಗಿಸಿ ದಾಖಲೆ ಮಾಡುವುದಕ್ಕೆ ಸ್ಪೀಡ್‌ರನ್ ಅಂತಾರೆ. ಓಡುವ, ಹಾರುವ ಗೇಮ್‌ಗಳಲ್ಲಿ ಲೆಕ್ಕ ಸುಲಭ, ಗಡಿಯಾರ ನೋಡಿದ್ರೆ ಆಯ್ತು. ಆದರೆ 'ಸಿವಿಲೈಸೇಷನ್' ತರಹದ ಸರದಿ ಆಟದಲ್ಲಿ ನಾವು ಅರ್ಧ ಗಂಟೆ ಯೋಚಿಸುತ್ತಾ ಕೂತರೂ ಕಂಪ್ಯೂಟರ್ ಸುಮ್ಮನೆ ಕಾಯ್ತದೆ. ಹಾಗಾದ್ರೆ ಅಲ್ಲಿ ವೇಗ ಅಳೆಯುವುದು ಹೇಗೆ?

ಎರಡು ಅಳತೆ ಉಂಟು.

1. ಗಡಿಯಾರ: ಶುರುವಿನಿಂದ ಗೆಲುವಿನ ತನಕ ಎಷ್ಟು ಸೆಕೆಂಡ್.
2. ಸರದಿ: ಎಷ್ಟು ಟರ್ನ್‌ನಲ್ಲಿ ಗೆದ್ದೆವು.

ಒಂದರಲ್ಲಿ ವೇಗವಾದದ್ದು ಇನ್ನೊಂದರಲ್ಲಿ ನಿಧಾನ ಆಗಬಹುದು. ಇದನ್ನು ತೋರಿಸಲು ಲ್ಯಾಪ್‌ಟಾಪ್ ಬೇಡ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆಷಾಢದ ಮಳೆಗೆ ಹೊರಗೆ ಬರುವ ಚೆನ್ನೆಮಣೆ ಸಾಕು.

ಮಣೆ ಮತ್ತು ನಿಯಮ

ಎರಡು ಸಾಲು, ಒಟ್ಟು 14 ಗುಳಿ. ಒಂದೊಂದರಲ್ಲಿ 4 ಕಾಯಿ, ಅಂದ್ರೆ 56 ಕಾಯಿ. ಆಟದ ನಿಯಮ ಊರಿಂದ ಊರಿಗೆ ಬದಲಾಗ್ತದೆ. ನಾವು ಇಲ್ಲಿ ಇಟ್ಟುಕೊಂಡದ್ದು ಹೀಗೆ: ನಮ್ಮ ಒಂದು ಗುಳಿಯ ಕಾಯಿ ಎತ್ತಿ, ಎಡದಿಂದ ಬಲಕ್ಕೆ ಸುತ್ತುತ್ತಾ ಗುಳಿಗೊಂದರಂತೆ ಹಾಕಬೇಕು. ಕೈ ಖಾಲಿ ಆದ ಕೂಡಲೇ ಮುಂದಿನ ಗುಳಿಯದ್ದನ್ನು ಎತ್ತಿ ಮುಂದುವರಿಯಬೇಕು. ಮುಂದಿನ ಗುಳಿ ಖಾಲಿ ಇದ್ದರೆ, ಅದರಾಚೆಯ ಗುಳಿಯ ಕಾಯಿ ನಮಗೆ, ಸರದಿ ಮುಗೀತು.

ಲೆಕ್ಕ

ನಮ್ಮ ಸಾಲು 1ರಿಂದ 7, ಎದುರಿನವರದ್ದು 8ರಿಂದ 14. ನಾವು 1ನೇ ಗುಳಿಯಿಂದ ಶುರು ಮಾಡಿದರೆ 7 ಸಲ ಎತ್ತಿ, 28 ಕಾಯಿ ಹಾಕಿ, ಕೊನೆಗೆ 6 ಕಾಯಿ ಗೆಲ್ತೇವೆ. ಆಗ ಮಣೆ 1ನೇ ಗುಳಿಯಿಂದ ಹೀಗಿರ್ತದೆ:

2, 1, 7, 7, 7, 0, 7 | 0, 0, 6, 1, 6, 6, 0

ಈಗ ಎದುರಿನವರ ಸರದಿ. ಅವರ ಎರಡು ದಾರಿ ಕಾಣಿ.

• 11ನೇ ಗುಳಿ (1 ಕಾಯಿ): ಬರೀ 7 ಕಾಯಿ ಹಾಕುವಷ್ಟರಲ್ಲಿ ಸರದಿ ಮುಗೀತದೆ. ಗೆದ್ದದ್ದು 7.
• 12ನೇ ಗುಳಿ (6 ಕಾಯಿ): ಸುತ್ತಿ ಸುತ್ತಿ 43 ಕಾಯಿ ಹಾಕಬೇಕು. ಗೆದ್ದದ್ದು 9.

ಒಂದು ಕಾಯಿ ಹಾಕಲು ಅರ್ಧ ಸೆಕೆಂಡ್ ಅಂತ ಹಿಡಿದರೆ ಮೊದಲನೆಯದಕ್ಕೆ 3.5 ಸೆಕೆಂಡ್, ಎರಡನೆಯದಕ್ಕೆ 21.5 ಸೆಕೆಂಡ್. ಗಡಿಯಾರದ ದಾಖಲೆ ಬೇಕಾದವರಿಗೆ 11ನೇ ಗುಳಿ ಒಳ್ಳೆಯದು, ಸರದಿ ಉಳಿಸುವವರಿಗೆ 12. ಆಟ ಒಂದೇ, ಮಣೆ ಒಂದೇ. ಅಳತೆ ಬದಲಾದ ಕೂಡಲೇ 'ಒಳ್ಳೆ ನಡೆ' ಬದಲಾಯ್ತು.

ಕಂಪ್ಯೂಟರ್‌ನಲ್ಲೂ ಇದೇ ಕಥೆ. 2010ರ 'ಸಿವಿಲೈಸೇಷನ್ 5'ರಲ್ಲಿ ಕಾಳಗದ ಅನಿಮೇಷನ್ ಬಿಟ್ಟು ಮುಂದೆ ಹೋಗುವ ಆಯ್ಕೆ ಉಂಟು. ಅದನ್ನು ಒತ್ತಿದರೆ ಸೆಕೆಂಡ್ ಉಳೀತದೆ, ಟರ್ನ್ ಒಂದೂ ಉಳಿಯುವುದಿಲ್ಲ. 'ಬ್ಯಾಟಲ್ ಫಾರ್ ವೆಸ್ನಾತ್'ನಲ್ಲಾದ್ರೆ ಹೆಚ್ಚಿನ ಹಂತಗಳಿಗೆ ಟರ್ನ್‌ಗಳ ಮಿತಿ ಇದೆ, ಬೇಗ ಮುಗಿಸಿದರೆ ಚಿನ್ನವೂ ಸಿಗ್ತದೆ. ಅಲ್ಲಿ ಗೇಮೇ ಸರದಿಯನ್ನು ಎಣಿಸ್ತದೆ.

ಹೋಲಿಕೆ ಮಾಡುವ ಮುಂಚೆ

2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ತಕ್ಷಣ 100 ಮೀಟರಿಗೆ 9.55 ಅಂತ ಭಾಗಿಸಿ, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು. ಭಾಗಾಕಾರ ಸರಿಯೇ. ಆದರೆ ಒಂದು ಕಡೆ ಕೆಸರು ಮತ್ತು ಎಳೆಯುವ ಕೋಣಗಳು, ಇನ್ನೊಂದು ಕಡೆ ಟ್ರ್ಯಾಕು. ಸ್ಪೀಡ್‌ರನ್ ಭಾಷೆಯಲ್ಲಿ ಇವು ಬೇರೆ ಬೇರೆ ಕೆಟಗರಿ. ಎರಡೂ ದೊಡ್ಡ ಸಾಧನೆ, ಒಂದೇ ಪಟ್ಟಿಯಲ್ಲಿ ಬರೆಯುವಂಥದ್ದಲ್ಲ.

ಹಾಗಾಗಿ ದಾಖಲೆಗೆ ಮೊದಲು ಬೇಕಾದದ್ದು ಬರೆದಿಟ್ಟ ನಿಯಮ. ಗೇಮ್‌ಗಳಿಗೆ ಅದು ಇದೆ. ನಮ್ಮ ಚೆನ್ನೆಮಣೆಯ ಎಷ್ಟೋ ನಿಯಮಗಳು ಇನ್ನೂ ಅಜ್ಜಿಯಂದಿರ ಬಾಯಲ್ಲೇ ಇವೆ. ಅವರು ಆಡುವುದು ಬಿಟ್ಟರೆ ಆ ಮನೆಯ ಕೆಟಗರಿಯೇ ಹೋಯ್ತು.

ನಿಮಗೆ ಕೆಲಸ

1. ಮೇಲಿನ ಮಣೆಯಲ್ಲಿ 10 ಮತ್ತು 13ನೇ ಗುಳಿ ಉಳಿದಿವೆ. ಎರಡನ್ನೂ ಆಡಿ, ಹಾಕಿದ ಕಾಯಿ ಮತ್ತು ಗೆದ್ದ ಕಾಯಿ ಎಣಿಸಿ. ಪ್ರೋಗ್ರಾಂ ಬರೆದರೂ ಅಡ್ಡಿಲ್ಲ.
2. ಈ ಸಲ ಊರಿಗೆ ಹೋದಾಗ ಅಮ್ಮಮ್ಮನ ಹತ್ರ ಕೂತು, "ನಮ್ಮನೇಲಿ ಹೇಗೆ ಆಡ್ತಿದ್ರಿ?" ಅಂತ ಕೇಳಿ, ಅವರು ಹೇಳಿದ ಹಾಗೇ ಬರ್ಕೊಂಡು ಬನ್ನಿ. ಎರಡು ಮನೆಯ ನಿಯಮ ಹೊಂದದಿದ್ದರೆ ತಿದ್ದಬೇಡಿ. ಎರಡೂ ಬೇಕು.