ಮೊದಲು ಉತ್ತರ ಬರುವ ಬಾಗಿಲು ಕಟ್ಟಿ

ಹಲಸೂರಿನ ಬಜಾರ್ ಬೀದಿಯ ದಿನಸಿ ಅಂಗಡಿಯೊಂದರ ತೊಗರಿ ಬೇಳೆ ಇಂದಿರಾನಗರದ ಗ್ರಾಹಕರ ಮೊಬೈಲಿನಲ್ಲಿ ಕಾಣಿಸಬೇಕು. ಅವರು ಯಾವ ಆ್ಯಪ್ ಬಳಸಿದರೂ ಕಾಣಿಸಬೇಕು. ಓಎನ್‌ಡಿಸಿ ಎಂಬ ಮುಕ್ತ ವ್ಯಾಪಾರ ಜಾಲ ಹುಟ್ಟಿದ್ದೇ ಇದಕ್ಕಾಗಿ. 2021ರ ಡಿಸೆಂಬರ್ 31ರಂದು ಕಂಪನಿಯಾಗಿ ನೋಂದಣಿಯಾದ ಓಎನ್‌ಡಿಸಿ, ಸಾಮಾನ್ಯ ಗ್ರಾಹಕರಿಗೆ ಮೊದಲು ತೆರೆದುಕೊಂಡಿದ್ದು ನಮ್ಮೂರಿನಲ್ಲಿ: 2022ರ ಸೆಪ್ಟೆಂಬರ್ 30ರಂದು, ಬೆಂಗಳೂರಿನ 16 ಪಿನ್‌ಕೋಡ್‌ಗಳಲ್ಲಿ. ಅದರ ಅಡಿಪಾಯವಾದ ಬೆಕ್ನ್ ನಿಯಮಾವಳಿಯ ಹಿಂದೆ ನಂದನ್ ನಿಲೇಕಣಿ, ಪ್ರಮೋದ್ ವರ್ಮ, ಸುಜಿತ್ ನಾಯರ್ ಇದ್ದಾರೆ. ನೀವು ಆಟೊ ಕರೆಯುವ ‘ನಮ್ಮ ಯಾತ್ರಿ’ ನಡೆಯುವುದೂ ಅದೇ ನಿಯಮಾವಳಿಯ ಮೇಲೆ.

ಆ ಅಂಗಡಿಗೆ ಸೆಲ್ಲರ್ ಆ್ಯಪ್ ಬರೆದುಕೊಡುವ ಕೆಲಸ ನಿಮಗೆ ಸಿಕ್ಕಿದೆ ಎಂದುಕೊಳ್ಳಿ. ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಂ ಜೊತೆ ಗೊತ್ತುಮಾಡಿಕೊಂಡ ರೀತಿಯಲ್ಲಿ ಮಾತಾಡುವ ಏರ್ಪಾಡೇ ಎಪಿಐ. ಸಾಮಾನ್ಯವಾಗಿ ನೀವು ಕೇಳುತ್ತೀರಿ, ಅದೇ ಕರೆಯಲ್ಲಿ ಉತ್ತರ ಬರುತ್ತದೆ. ಇಲ್ಲಿ ಹಾಗೆ ನಡೆಯುವುದಿಲ್ಲ, ಹೊಸಬರು ಎಡವುವುದೂ ಇಲ್ಲೇ. ಅಂಗಡಿಯಲ್ಲಿ ಚೀಟಿ ಕೊಟ್ಟರೆ ‘ಆಯ್ತು, ಮನೆಗೆ ಹೇಳಿ ಕಳಿಸ್ತೀನಿ’ ಅನ್ನುತ್ತಾರಲ್ಲ, ಹಾಗೆ. ಬೈಯರ್ ಆ್ಯಪ್ ಕಡೆಯಿಂದ ‘ಸರ್ಚ್’ ಬಂದಾಗ ನಿಮ್ಮ ಸರ್ವರ್ ಕೂಡಲೇ ‘ಆ್ಯಕ್’ ಎಂಬ ಪುಟ್ಟ ಸ್ವೀಕೃತಿಯನ್ನಷ್ಟೇ ಕೊಡುತ್ತದೆ. ಆಮೇಲೆ ದಾಸ್ತಾನು ನೋಡಿ, ಪದಾರ್ಥಗಳ ಪಟ್ಟಿಯನ್ನು ‘ಆನ್‌ಸರ್ಚ್’ ಎಂಬ ಹೊಸ ಕರೆಯಲ್ಲಿ ತಾನಾಗಿ ಕಳಿಸಬೇಕು. ಗ್ರಾಹಕರು ಆರಿಸಿದಾಗ ‘ಸೆಲೆಕ್ಟ್’, ವಿಳಾಸ ಕೊಟ್ಟಾಗ ‘ಇನಿಟ್’, ಆರ್ಡರ್ ಖಚಿತವಾದಾಗ ‘ಕನ್‌ಫರ್ಮ್’. ಪ್ರತಿಯೊಂದಕ್ಕೂ ‘ಆನ್’ ಎಂದು ಶುರುವಾಗುವ ಜೋಡಿ ಉತ್ತರವಿದೆ. ಎಷ್ಟು ಹೊತ್ತಿನೊಳಗೆ ಉತ್ತರಿಸಬೇಕೆಂಬ ಗಡುವು ಸಂದೇಶದಲ್ಲೇ ಬರೆದಿರುತ್ತದೆ.

ಹೀಗಾಗಿ ಕರೆ ಕಳಿಸುವ ಕೋಡಿಗಿಂತ ಮೊದಲು ಕರೆ ಸ್ವೀಕರಿಸುವ ಬಾಗಿಲನ್ನು ಕಟ್ಟಿ, ಇಂಟರ್‌ನೆಟ್‌ನಲ್ಲಿ ಎಚ್‌ಟಿಟಿಪಿಎಸ್ ವಿಳಾಸ ಕೊಟ್ಟು ನಿಲ್ಲಿಸಿ. ಬಂದದ್ದೆಲ್ಲ ದಾಖಲಾಗಲಿ. ಪ್ರತಿ ಸಂದೇಶಕ್ಕೂ ಎರಡು ಗುರುತುಗಳಿವೆ: ಇಡೀ ಖರೀದಿಗೆ ಒಂದೇ ಟ್ರಾನ್ಸಾಕ್ಷನ್ ಐಡಿ, ಒಂದು ಪ್ರಶ್ನೆಗೂ ಅದರ ಉತ್ತರಕ್ಕೂ ಸೇರಿ ಒಂದು ಮೆಸೇಜ್ ಐಡಿ. ನೆಟ್‌ವರ್ಕ್ ಕೈಕೊಟ್ಟಾಗ ಅದೇ ‘ಕನ್‌ಫರ್ಮ್’ ಎರಡು ಸಲ ಬರಬಹುದು. ಐಡಿ ನೋಡದೆ ಬರೆದ ಪ್ರೋಗ್ರಾಂ ಎರಡು ಮೂಟೆ ಅಕ್ಕಿ ಕಳಿಸಿಬಿಡುತ್ತದೆ.

ಈಗ ಸಹಿಯ ವಿಚಾರ. ಇದನ್ನು ನಿಧಾನವಾಗಿ ಓದಿ. ಕರೆ ನಿಜವಾಗಿ ನಿಮ್ಮಿಂದಲೇ ಬಂದಿದೆ ಎಂದು ತೋರಿಸಲು ಜೋಡಿ ಕೀಲಿಗಳಿವೆ. ಸಾರ್ವಜನಿಕ ಕೀಲಿ ಜಾಲದ ರಿಜಿಸ್ಟ್ರಿಯಲ್ಲಿರುತ್ತದೆ. ಖಾಸಗಿ ಕೀಲಿ ನಿಮ್ಮಲ್ಲೇ ಇರಬೇಕು, ಗಿಟ್‌ಹಬ್‌ಗೆ ಯಾವತ್ತೂ ಹೋಗಬಾರದು. ಸಂದೇಶದ ಬ್ಲೇಕ್2ಬಿ-512 ಸಾರಾಂಶ (ಹ್ಯಾಶ್) ತೆಗೆದು, ಅದಕ್ಕೆ ಯಾವಾಗ ಸಹಿ ಮಾಡಿದ್ದು, ಯಾವಾಗ ಮುಗಿಯುತ್ತದೆ ಎಂಬ ಸಮಯ ಸೇರಿಸಿ, ಇಡಿ25519 ವಿಧಾನದಲ್ಲಿ ಸಹಿ ಹಾಕುತ್ತೀರಿ. ನಿಮ್ಮ ಸರ್ವರ್ ಗಡಿಯಾರ ತಪ್ಪಿದ್ದರೆ ಸರಿಯಾದ ಸಹಿಯೂ ತಿರಸ್ಕೃತವಾಗುತ್ತದೆ.

ಸಹಿ ಹಾಕಿದ ಬೈಟುಗಳು, ಕಳಿಸಿದ ಬೈಟುಗಳು ಒಂದೇ ಆಗಿರಲಿ. ಕನ್ನಡ ಬಳಸುವ ನಮಗೆ ಈ ಮಾತು ಹೆಚ್ಚು ಮುಖ್ಯ. ‘ತೊಗರಿ ಬೇಳೆ’ ಎಂದು ಬರೆದರೆ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಚಿಹ್ನೆಗೂ 3 ಬೈಟು ಬೇಕು. ಕೆಲವು ಲೈಬ್ರರಿಗಳು ಕಳಿಸುವಾಗ ಅಕ್ಷರಗಳನ್ನು ಸಂಕೇತಗಳಾಗಿ ಬದಲಿಸುತ್ತವೆ, ಇನ್ನು ಕೆಲವು ಸಂದೇಶದ ರೂಪವಾದ ಜೇಸನ್‌ನ ಖಾಲಿ ಜಾಗ ತೆಗೆಯುತ್ತವೆ. ಓದುವವರಿಗೆ ಅರ್ಥ ಅದೇ, ಸಾರಾಂಶ ಮಾತ್ರ ಬೇರೆ, ಸಹಿ ಬಿದ್ದುಹೋಯಿತು. ಜೇಸನ್ ಅನ್ನು ಒಮ್ಮೆ ಪಠ್ಯವಾಗಿಸಿ, ಅದಕ್ಕೇ ಸಹಿ ಹಾಕಿ, ಅದನ್ನೇ ಕಳಿಸಿ. ಈ ಭಯಕ್ಕೆ ಪಟ್ಟಿಯಿಂದ ಕನ್ನಡ ಹೆಸರುಗಳನ್ನು ಕೈಬಿಡಬೇಡಿ. ಶಿವಾಜಿನಗರದಲ್ಲೂ ಕೆ.ಆರ್. ಪುರದಲ್ಲೂ ಕನ್ನಡದಲ್ಲಿ ಹುಡುಕುವ ಗ್ರಾಹಕರಿದ್ದಾರೆ.

ಸಂದೇಶದಲ್ಲಿ ಊರನ್ನು ಹೆಸರಿನಿಂದ ಹೇಳುವುದಿಲ್ಲ. ಬೆಂಗಳೂರಿಗೆ ಎಸ್‌ಟಿಡಿ ಸಂಖ್ಯೆಯಾದ 080 ಬಳಸುತ್ತಾರೆ.

ಪರೀಕ್ಷೆಗೆ ಸ್ಟೇಜಿಂಗ್, ಆಮೇಲೆ ಪ್ರೀ-ಪ್ರೊಡಕ್ಷನ್, ಕೊನೆಗೆ ನಿಜವಾದ ಜಾಲ. ಸ್ಟೇಜಿಂಗ್‌ನಲ್ಲಿ ಆರ್ಡರ್ ರದ್ದಾಗುವುದನ್ನೂ ಅರ್ಧ ಸಾಮಾನು ಮುಗಿದಿರುವುದನ್ನೂ ಬೇಕೆಂದೇ ಮಾಡಿ ನೋಡಿ. ಅಲ್ಲಿ ಎಷ್ಟು ಸಲ ಕೆಟ್ಟರೂ ಅಂಗಡಿಯವರಿಗೆ ಒಂದು ರೂಪಾಯಿ ನಷ್ಟವಿಲ್ಲ. ಇವತ್ತೇ ಸ್ವೀಕರಿಸುವ ಬಾಗಿಲೊಂದನ್ನು ಬರೆದು, ಅದಕ್ಕೆ ನೀವೇ ಒಂದು ‘ಸರ್ಚ್’ ಕಳಿಸಿ ನೋಡಿ.