ಹಳೇ ಕೋರ್ಸೋ ಹೊಸದೋ: ಮೊದಲು ಪರೀಕ್ಷೆಯ ನಂಬರ್ ಕೇಳಿ

ಬಿಸಿಎ ಕೊನೆಯ ಸೆಮಿಸ್ಟರ್‌ಗೋ ಡಿಪ್ಲೊಮಾ ಮುಗಿಯುವ ಹೊತ್ತಿಗೋ ಬಹಳ ಮನೆಗಳಲ್ಲಿ ಒಂದೇ ಮಾತು ಶುರುವಾಗುತ್ತದೆ. ಡಿಗ್ರಿ ಜೊತೆಗೆ ಒಂದು ಸರ್ಟಿಫಿಕೇಟ್ ಇದ್ದರೆ ಕೆಲಸ ಬೇಗ ಸಿಗುತ್ತದಂತೆ. ಮಗ ಬೆಂಗಳೂರಿಗೆ ಹೋಗಿ ವಿಚಾರಿಸಿಕೊಂಡು ಬರುತ್ತಾನೆ. ಇನ್‌ಸ್ಟಿಟ್ಯೂಟ್‌ನವರು ‘ಎ ಪ್ಲಸ್, ಎಂಸಿಎಸ್‌ಇ, ಸಿಸಿಎನ್‌ಎ ಮೂರೂ ಸೇರಿ ಇಷ್ಟು’ ಎಂದು ಪ್ಯಾಕೇಜ್ ಹೇಳಿರುತ್ತಾರೆ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದರೆ, ‘ಅಯ್ಯೋ, ಅದೆಲ್ಲ ಹಳೇ ಕಾಲದ್ದು, ಕ್ಲೌಡ್ ಮಾಡಿಸಿ’ ಎನ್ನುತ್ತಾನೆ. ದುಡ್ಡು ಹೊಂದಿಸಬೇಕಾದವರಿಗೆ ಯಾರ ಮಾತು ಕೇಳಬೇಕೆಂದೇ ತೋಚುವುದಿಲ್ಲ.

ಇನ್‌ಸ್ಟಿಟ್ಯೂಟ್‌ನವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅಣ್ಣ ಹೇಳಿದ್ದು ಪೂರ್ತಿ ಸರಿಯೂ ಅಲ್ಲ. ಈ ಕ್ಷೇತ್ರದಲ್ಲಿ ಪರೀಕ್ಷೆಗೆ ಬೇಗ ವಯಸ್ಸಾಗುತ್ತದೆ, ಅದರಲ್ಲಿ ಕೇಳುವ ವಿದ್ಯೆಗೆ ಅಷ್ಟು ಬೇಗ ವಯಸ್ಸಾಗುವುದಿಲ್ಲ. ಎರಡನ್ನೂ ಬೇರೆಬೇರೆಯಾಗಿ ನೋಡಿದರೆ ತೀರ್ಮಾನ ಅಷ್ಟೇನೂ ಕಷ್ಟವಲ್ಲ.

ವಿಶ್ವವಿದ್ಯಾಲಯದ ಪದವಿ ಒಮ್ಮೆ ಬಂದರೆ ಬಂತು. ಕಂಪನಿಗಳು ಕೊಡುವ ಸರ್ಟಿಫಿಕೇಟ್ ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ, ಅವಧಿ ಮುಗಿಯುವುದರೊಳಗೆ ನವೀಕರಿಸಬೇಕು. ಸಿಸ್ಕೊ ಕಂಪನಿಯ ಸಿಸಿಎನ್‌ಎಗೆ 3 ವರ್ಷ. ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್‌ಗೂ 3 ವರ್ಷ. 2011ಕ್ಕೆ ಮುಂಚೆ ಎ ಪ್ಲಸ್ ಪಾಸಾದವರಿಗೆ ಅದು ಜೀವನಪರ್ಯಂತ ನಡೆಯುತ್ತದೆ, ಆ ಸೌಲಭ್ಯ ಈಗಿನ ಮಕ್ಕಳಿಗಿಲ್ಲ. ಮೈಕ್ರೋಸಾಫ್ಟ್‌ನ ಅಸೋಸಿಯೇಟ್ ಮಟ್ಟದ ಸರ್ಟಿಫಿಕೇಟುಗಳಿಗೆ ಒಂದೇ ವರ್ಷ. ಕೇಳಿ ಗಾಬರಿಯಾಗಬೇಡಿ, ನವೀಕರಣದ ಪರೀಕ್ಷೆಯನ್ನು ಮನೆಯಲ್ಲೇ ಕೂತು ಪುಕ್ಕಟೆಯಾಗಿ ಬರೆಯಬಹುದು.

ಇದು ಸರ್ಟಿಫಿಕೇಟಿನ ಆಯುಷ್ಯವಾಯಿತು. ಪರೀಕ್ಷೆಗೂ ಒಂದು ಆಯುಷ್ಯವಿದೆ. ಪ್ರತಿಯೊಂದಕ್ಕೂ ಒಂದು ಕೋಡ್ ನಂಬರ್ ಇರುತ್ತದೆ. ಸಿಲಬಸ್ ದೊಡ್ಡದಾಗಿ ಬದಲಾದಾಗ ನಂಬರ್ ಬದಲಾಗುತ್ತದೆ, ಹಳೇದು ಇಂಥ ದಿನಕ್ಕೆ ನಿಲ್ಲುತ್ತದೆ ಎಂದು ಮುಂಚಿತವಾಗಿಯೇ ಪ್ರಕಟಿಸುತ್ತಾರೆ. ಕೋರ್ಸಿನ ಹೆಸರು ಮಾತ್ರ ಹಾಗೇ ಇರುವುದರಿಂದ ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ.

ಎಂಸಿಎಸ್‌ಇಯ ಕಥೆ ಇನ್ನೂ ವಿಚಿತ್ರ. ವಿಂಡೋಸ್ ಎನ್‌ಟಿ ಕಾಲದಿಂದ ದೊಡ್ಡ ಹೆಸರು ಮಾಡಿದ ಸರ್ಟಿಫಿಕೇಟ್ ಅದು. ಅದಕ್ಕೆ ಬೇಕಾದ ಪರೀಕ್ಷೆಗಳನ್ನು 2020ರ ಜೂನ್‌ಗೇ ನಿಲ್ಲಿಸುವುದೆಂದಿದ್ದ ಮೈಕ್ರೋಸಾಫ್ಟ್, ಕೊರೊನಾ ಕಾರಣಕ್ಕೆ ಮುಂದೂಡಿ 2021ರ ಜನವರಿ 31ಕ್ಕೆ ಮುಗಿಸಿತು. ಅಂದಿನಿಂದ ಭೂಮಿಯ ಮೇಲೆ ಯಾರೂ ಹೊಸದಾಗಿ ಎಂಸಿಎಸ್‌ಇ ಆಗಿಲ್ಲ, ಆಗುವಂತೆಯೂ ಇಲ್ಲ. ಹಾಗಿದ್ದರೂ ಬೋರ್ಡುಗಳ ಮೇಲೆ ಆ ಹೆಸರು ಇನ್ನೂ ಕಾಣುತ್ತದೆ. ಅಲ್ಲಿ ಕಲಿಸುವುದು ಸಾಮಾನ್ಯವಾಗಿ ವಿಂಡೋಸ್ ಸರ್ವರ್, ಆಕ್ಟಿವ್ ಡೈರೆಕ್ಟರಿ, ಡಿಎನ್‌ಎಸ್ ಇಂಥವನ್ನು. ಈ ವಿದ್ಯೆ ಸತ್ತಿಲ್ಲ. ಆಸ್ಪತ್ರೆ, ಕಾರ್ಖಾನೆ, ಸಹಕಾರಿ ಬ್ಯಾಂಕುಗಳಲ್ಲಿ ಆಕ್ಟಿವ್ ಡೈರೆಕ್ಟರಿ ಗೊತ್ತಿರುವ ಹುಡುಗನಿಗೆ ಇಂದಿಗೂ ಕೆಲಸವಿದೆ. ಆದರೆ ಕೊನೆಯಲ್ಲಿ ಕೈಗೆ ಬರುವ ಕಾಗದದ ಮೇಲಿರುವುದು ಇನ್‌ಸ್ಟಿಟ್ಯೂಟ್‌ನ ಮುದ್ರೆ, ಮೈಕ್ರೋಸಾಫ್ಟ್‌ನದ್ದಲ್ಲ. ಪಾಠಕ್ಕೆ ಎಂದು ಫೀಸು ಕೊಡುವುದಾದರೆ ಕೊಡಿ, ಸರ್ಟಿಫಿಕೇಟಿಗೆ ಎಂದು ಕೊಡಬೇಡಿ. ಮೈಕ್ರೋಸಾಫ್ಟ್ ದಾರಿಯಲ್ಲೇ ಹೋಗುವ ಆಸೆಯಿದ್ದರೆ ಈಗಿನ ಹೊಸ ದಾರಿ ಅಜೂರ್ ಕ್ಲೌಡ್‌ನದ್ದು. ಮೊದಲ ಮೆಟ್ಟಿಲು ಎಜೆಡ್-900, ಕೆಲಸಕ್ಕೆ ನಿಜವಾಗಿ ಲೆಕ್ಕಕ್ಕೆ ಬರುವುದು ಎಜೆಡ್-104. ಹಳೇ ಸರ್ವರ್ ಪಾಠವನ್ನು ಗಟ್ಟಿಯಾಗಿ ಕಲಿತವನಿಗೆ ಎರಡನೆಯದು ಅಪರಿಚಿತ ಊರೇನೂ ಆಗುವುದಿಲ್ಲ.

ಎ ಪ್ಲಸ್‌ನಲ್ಲಿ ಪೋಷಕರು ಕೇಳಲೇಬೇಕಾದ ಒಂದು ಸೂಕ್ಷ್ಮವಿದೆ. ಅದರಲ್ಲಿ ಎರಡು ಪರೀಕ್ಷೆ ಪಾಸು ಮಾಡಬೇಕು, ಎರಡೂ ಒಂದೇ ಸರಣಿಯವಾಗಿರಬೇಕು. 220-1101 ಮತ್ತು 220-1102 ಜೋಡಿ 2025ರ ಸೆಪ್ಟೆಂಬರ್ 25ಕ್ಕೆ ನಿಂತಿತು. ಅದರ ಜಾಗಕ್ಕೆ 220-1201 ಮತ್ತು 220-1202 ಅದೇ ವರ್ಷ ಮಾರ್ಚ್‌ನಲ್ಲೇ ಬಂದಿದ್ದವು. ಹಳೇ ಜೋಡಿಯಲ್ಲಿ ಒಂದನ್ನು ಪಾಸು ಮಾಡಿ, ‘ಇನ್ನೊಂದನ್ನು ಆಮೇಲೆ ನೋಡೋಣ’ ಎಂದು ಕೂತವರ ಮೊದಲ ಪರೀಕ್ಷೆ ನೀರಿನಲ್ಲಿ ಹೋಮ. 1101 ಮತ್ತು 1202 ಸೇರಿಸಿ ಎ ಪ್ಲಸ್ ಕೇಳಿದರೆ ಕೊಡುವುದಿಲ್ಲ. ಸುಮಾರು ಮೂರು ವರ್ಷಕ್ಕೊಮ್ಮೆ ಈ ಬದಲಾವಣೆ ಬರುತ್ತಲೇ ಇರುತ್ತದೆ. ಅಂದಹಾಗೆ, ಎಂಜಿನಿಯರಿಂಗ್ ಮುಗಿಸಿದವರಿಗೆ ಎ ಪ್ಲಸ್ ಅಗತ್ಯವೆಂದು ನನಗನಿಸುವುದಿಲ್ಲ. ಪಿಯುಸಿ ಅಥವಾ ಐಟಿಐ ಮುಗಿಸಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸಕ್ಕೆ ಸೇರುವವರಿಗೆ ಒಳ್ಳೆಯದು.

ಇನ್ನು ಸಿಸಿಎನ್‌ಎ. ಹಳೇದು-ಹೊಸದರ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿ. ಮುಂಚೆ ರೌಟಿಂಗ್ ಆ್ಯಂಡ್ ಸ್ವಿಚಿಂಗ್, ಸೆಕ್ಯುರಿಟಿ, ವೈರ್‌ಲೆಸ್ ಎಂದು ಸಿಸಿಎನ್‌ಎಯಲ್ಲೇ ಹಲವು ಕವಲುಗಳಿದ್ದವು. ಸಿಸ್ಕೊ 2019ರ ಜೂನ್‌ನಲ್ಲಿ ಬದಲಾವಣೆ ಪ್ರಕಟಿಸಿತು. 2020ರ ಫೆಬ್ರುವರಿ 24ರಿಂದ ಆ ಕವಲುಗಳನ್ನು ಮುಚ್ಚಿ 200-301 ಎಂಬ ಒಂದೇ ಪರೀಕ್ಷೆ ತಂದಿತು. ಅಷ್ಟರೊಳಗೆ ಹಳೇದನ್ನು ಮುಗಿಸಿದವರಿಗೆ ಹೊಸ ಸಿಸಿಎನ್‌ಎ ತಾನಾಗಿಯೇ ಸಿಕ್ಕಿತು. ಹೊಸ ಸಿಲಬಸ್‌ನಲ್ಲಿ ಆರ್‌ಐಪಿ, ಇಐಜಿಆರ್‌ಪಿ ಎಂಬ ಹಳೇ ವಿಷಯಗಳಿಲ್ಲ, ಬದಲಿಗೆ ಆಟೊಮೇಷನ್ ಬಂತು. ಅದಕ್ಕೆ ಶೇಕಡಾ 10ರಷ್ಟು ಪಾಲು. 2024ರ ಆಗಸ್ಟ್‌ನಲ್ಲಿ ನಂಬರ್ ಬದಲಿಸದೆಯೇ ಒಂದಿಷ್ಟು ತಿದ್ದಿದರು. ಟೆರಾಫಾರ್ಮ್, ಕೃತಕ ಬುದ್ಧಿಮತ್ತೆಯ ಒಂದೆರಡು ಅಂಶಗಳು ಆಗ ಸೇರಿದವು. ಮಗಳ ಕೈಯಲ್ಲಿರುವ ಪುಸ್ತಕದ ಪರಿವಿಡಿ ತೆರೆದು ನೋಡಿ. ಫ್ರೇಮ್ ರಿಲೇ, ಇಐಜಿಆರ್‌ಪಿ ಎಂಬ ಅಧ್ಯಾಯಗಳೇ ಕಂಡರೆ ಯಾರೋ ಸೀನಿಯರ್ ಕೊಟ್ಟ ಹಳೇ ಪುಸ್ತಕ ಎಂದು ತಿಳಿಯಿರಿ. ಇದನ್ನು ಕಂಡುಹಿಡಿಯಲು ನೀವು ಎಂಜಿನಿಯರ್ ಆಗಬೇಕಿಲ್ಲ.

ಹಾಗಾದರೆ ಆ ಪುಸ್ತಕ ಎಸೆಯಬೇಕೆ? ಬೇಡ. ಒಂದು ಲೆಕ್ಕ ನೋಡಿ. 192.168.10.0 ಎಂಬ ನೆಟ್‌ವರ್ಕನ್ನು /26 ಎಂದು ಒಡೆದರೆ 64 ವಿಳಾಸಗಳ ನಾಲ್ಕು ಪಾಲಾಗುತ್ತವೆ. ಪ್ರತಿ ಪಾಲಿನ ಮೊದಲ ವಿಳಾಸ ನೆಟ್‌ವರ್ಕಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ ಹೋದರೆ ಕಂಪ್ಯೂಟರುಗಳಿಗೆ ಉಳಿಯುವುದು 62. ಈಗ 70ನೇ ವಿಳಾಸದ ಯಂತ್ರವೂ 130ನೇ ವಿಳಾಸದ ಯಂತ್ರವೂ ಒಂದೇ ಸ್ವಿಚ್ಚಿಗೆ ಸಿಕ್ಕಿಸಿದ್ದರೂ ನೇರವಾಗಿ ಮಾತಾಡಲಾರವು. ಒಂದು 64ರಿಂದ 127ರ ಪಾಲಿನಲ್ಲಿದೆ, ಇನ್ನೊಂದು 128ರಿಂದ 191ರ ಪಾಲಿನಲ್ಲಿ. ನಡುವೆ ರೌಟರ್ ಬೇಕು. ಸಬ್‌ನೆಟ್ಟಿಂಗ್ ಎಂಬ ಈ ಲೆಕ್ಕ ಇಪ್ಪತ್ತು ವರ್ಷದ ಹಿಂದಿನ ಸಿಸಿಎನ್‌ಎಯಲ್ಲೂ ಇತ್ತು, ಇವತ್ತಿನದರಲ್ಲೂ ಇದೆ. ಅಜೂರ್‌ನಲ್ಲಿ ನೆಟ್‌ವರ್ಕ್ ಕಟ್ಟುವಾಗಲೂ ಮಾಡಬೇಕಾದ್ದು ಇದೇ ಲೆಕ್ಕ. ಕ್ಲೌಡ್ ಕೋರ್ಸ್ ಮುಗಿಸಿ ಬಂದವರಲ್ಲಿ ಎಷ್ಟೋ ಜನ ಸಂದರ್ಶನದಲ್ಲಿ ತಡವರಿಸುವುದೂ ಇಲ್ಲೇ. ಇದನ್ನು ಮನೆಯಲ್ಲಿ ಮಾಡಿ ನೋಡಲು ಸಿಸ್ಕೊ ಅಕಾಡೆಮಿಯ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮಗಳು ಅದರಲ್ಲಿ ಎರಡು ಯಂತ್ರ ಜೋಡಿಸಿ, ಯಾಕೆ ಮಾತಾಡುತ್ತಿಲ್ಲ ಎಂದು ನಿಮಗೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಕಲಿಕೆ ಸರಿಯಾಗಿ ನಡೆಯುತ್ತಿದೆ.

ಹಳೇ ನಂಬರ್, ಹೊಸ ನಂಬರ್ ಎರಡೂ ಚಾಲ್ತಿಯಲ್ಲಿರುವ ಸಂಧಿಕಾಲದಲ್ಲಿ ಮಗ ಸಿಕ್ಕಿಕೊಂಡರೆ ಏನು ಮಾಡುವುದು? ಮುಕ್ಕಾಲು ಓದು ಮುಗಿದಿದ್ದು, ಹಳೇ ಪರೀಕ್ಷೆ ನಿಲ್ಲಲು ಇನ್ನೂ ಎರಡು ಮೂರು ತಿಂಗಳಿದ್ದರೆ ಹಳೇದನ್ನೇ ಬರೆಯಲಿ. ಮೊದಲ ಸಲ ಫೇಲಾದರೂ ಇನ್ನೊಮ್ಮೆ ಬರೆಯುವಷ್ಟು ದಿನ ಇದೆಯೇ ಎಂಬುದನ್ನು ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಸಿಗುವ ಸರ್ಟಿಫಿಕೇಟಿನ ಬೆಲೆ ಎರಡಕ್ಕೂ ಒಂದೇ. ಈಗಷ್ಟೇ ಶುರು ಮಾಡುವವನಾದರೆ ಕಣ್ಣುಮುಚ್ಚಿ ಹೊಸದು. ಹೊಸದಕ್ಕೆ ಪುಸ್ತಕ, ವಿಡಿಯೊ ಕಡಿಮೆ ಎಂದು ಇನ್‌ಸ್ಟಿಟ್ಯೂಟ್‌ನವರು ಹೇಳಬಹುದು. ಎಷ್ಟೋ ಸಲ ಅದರ ಅರ್ಥ, ಅವರ ಮೇಷ್ಟ್ರು ಇನ್ನೂ ಹೊಸ ಸಿಲಬಸ್ ಓದಿಲ್ಲ ಎಂದಷ್ಟೇ.

ಫೀಸಿನ ವಿಷಯದಲ್ಲಿ ಒಂದು ಎಚ್ಚರ. ಇನ್‌ಸ್ಟಿಟ್ಯೂಟ್‌ನ ಶುಲ್ಕ ಬೇರೆ, ಪರೀಕ್ಷೆಯ ಶುಲ್ಕ ಬೇರೆ. ಸಿಸಿಎನ್‌ಎ ಪರೀಕ್ಷೆಗೇ 300 ಡಾಲರ್, ಮೇಲೆ ತೆರಿಗೆ. ಫೇಲಾದರೆ ಮತ್ತೆ ಅಷ್ಟೇ ಕಟ್ಟಬೇಕು. ಪ್ಯಾಕೇಜಿನಲ್ಲಿ ಪರೀಕ್ಷೆಯ ವೋಚರ್ ಸೇರಿದೆಯೇ, ಯಾವ ನಂಬರಿನದ್ದು, ಎಂದಿನವರೆಗೆ ನಡೆಯುತ್ತದೆ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ‘ಪಾಸು ಗ್ಯಾರಂಟಿ’ ಎಂದವರ ಬಾಗಿಲಿನಿಂದ ವಾಪಸ್ ಬನ್ನಿ. ಅಲ್ಲಿ ನಡೆಯುವುದು ಹೆಚ್ಚಾಗಿ ಡಂಪ್ಸ್, ಅಂದರೆ ಕದ್ದ ಪ್ರಶ್ನೆಗಳ ಬಾಯಿಪಾಠ. ಸಿಕ್ಕಿಬಿದ್ದರೆ ಸಿಸ್ಕೊ, ಮೈಕ್ರೋಸಾಫ್ಟ್‌ನಂಥ ಕಂಪನಿಗಳು ಸರ್ಟಿಫಿಕೇಟನ್ನೇ ರದ್ದು ಮಾಡುತ್ತವೆ. ಸಿಕ್ಕಿಬೀಳದಿದ್ದರೂ ಸಂದರ್ಶನದಲ್ಲಿ ಮೇಲಿನ 70-130ರ ಲೆಕ್ಕ ಕೇಳಿದರೆ ಬಣ್ಣ ಬಯಲು.

ಮಗುವಿಗೆ ಕೋಡ್ ಬರೆಯುವುದರಲ್ಲೇ ಆಸಕ್ತಿ ಇದ್ದರೆ ಈ ಮೂರೂ ಬೇಡ. ಆ ದುಡ್ಡನ್ನು ಒಳ್ಳೆಯ ಲ್ಯಾಪ್‌ಟಾಪಿಗೆ ಹಾಕಿ.

ಕೊನೆಯದಾಗಿ, ನಮ್ಮ ಕಡೆಯ ಮಕ್ಕಳಿಗೇ ಹೆಚ್ಚು ಬರುವ ಒಂದು ತೊಡಕು. ಪರೀಕ್ಷೆಗೆ ನೋಂದಾಯಿಸಿದ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಬಿ. ಎಸ್.’, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಬಿಡಿಸಿ ಬರೆದದ್ದು, ನೋಂದಣಿಯಲ್ಲಿ ಬರೀ ಮಂಜುನಾಥ, ಹೀಗಿದ್ದರೆ ಕೇಂದ್ರದಲ್ಲಿ ಒಳಗೆ ಬಿಡದಿರಬಹುದು, ಕಟ್ಟಿದ ಶುಲ್ಕವೂ ಹೋಗುತ್ತದೆ. ಖಾತೆ ತೆರೆಯುವ ದಿನವೇ ಪರೀಕ್ಷೆಗೆ ತೆಗೆದುಕೊಂಡು ಹೋಗುವ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಇನಿಷಿಯಲ್ ಸಮೇತ ಅದರಲ್ಲಿರುವಂತೆಯೇ ಟೈಪ್ ಮಾಡಲಿ.