ಚಳಿಗಾಲದಲ್ಲಿ ಕರುಗಳನ್ನು ಸಾಕಿ ಮಾರುವ ವಿಷಯವಾದ ಪಾಠ

ತುಮಕೂರು, ಹಾಸನ, ಮಂಡ್ಯ ಮೊದಲಾದ ರಾಗಿ ಸೀಮೆಗಳಲ್ಲಿ ನವೆಂಬರ ತಿಂಗಳು ಮುಗಿಯುತ್ತಿರುವಾಗ ರೈತನಿಗೆ ಎರಡು ವಸ್ತುಗಳು ಒಟ್ಟಿಗೆ ದೊರೆಯುತ್ತವೆ. ಒಂದು ಹೊಸ ಹುಲ್ಲು. ಮತ್ತೊಂದು ಹೊಲದ ಕೆಲಸದಿಂದ ಸ್ವಲ್ಪ ಬಿಡುವು. ಇವೆರಡನ್ನೂ ಉಪಯೋಗಿಸಿ, ಸಂತೆಯಲ್ಲಿ ಹಳ್ಳಿಕಾರ ತಳಿಯ ಎಳೇ ಹೋರಿಗರುಗಳನ್ನು ಕೊಂಡು, ಚಳಿಗಾಲವೆಲ್ಲಾ ಮೇಯಿಸಿ, ಶಿವರಾತ್ರಿಯ ಕಾಲದಲ್ಲಿ ಸಿದ್ಧಗಂಗೆಯಲ್ಲಿ ಕೂಡುವ ದನದ ಜಾತ್ರೆಯಂಥ ಸ್ಥಳಗಳಲ್ಲಿ ಮಾರಬಹುದು. ಇದು ಯಥಾರ್ಥವಾದ ಜೀವನೋಪಾಯವೇ. ಆದರೂ ಇದರಿಂದಲೇ ಸಾಲಕ್ಕೆ ಸಿಕ್ಕಿಕೊಳ್ಳುವವರೂ ಉಂಟು. ಕಾರಣವೇನಂದರೆ, ಅವರು ಕರುವನ್ನು ಮೊದಲು ಕೊಂಡು ಹುಲ್ಲನ್ನು ಆಮೇಲೆ ಹುಡುಕುತ್ತಾರೆ. ಆದಕಾರಣ ಈ ಪಾಠದ ಮುಖ್ಯ ಮಾತು ಇಷ್ಟೇ: ಸಂತೆಗೆ ಹೋಗುವದಕ್ಕಿಂತ ಮುಂಚೆ ನಿನ್ನ ಬಣವೆಯನ್ನು ಅಳೆ.

1. ಬಣವೆಯ ಲೆಕ್ಕ

ನೂರು ಕಿಲೋ ತೂಗುವ ಕರುವಿಗೆ ದಿನಕ್ಕೆ ಎರಡೂವರೆಯಿಂದ ಮೂರು ಕಿಲೋ ಒಣ ಆಹಾರವು ಬೇಕು. ಮುಕ್ಕಾಲು ಕಿಲೋ ಹಿಂಡಿ ಬೂಸಾ ಮತ್ತು ಸ್ವಲ್ಪ ಹಸಿರು ಮೇವು ಕೊಟ್ಟರೂ, ರಾಗಿಹುಲ್ಲು ಎರಡು ಕಿಲೋ ಬೇಕಾಗುವದು. ತುಳಿದು ಕೆಡಿಸುವದನ್ನು ಕೂಡಿಸಿದರೆ ಎರಡೂವರೆ ಕಿಲೋ ಆಗುವದು. ನೂರು ದಿವಸಕ್ಕೆ ಒಂದು ಕರುವಿಗೆ 250 ಕಿಲೋ.

ಇಬ್ಬರು ರೈತರನ್ನು ಭಾವಿಸೋಣ. ಇಬ್ಬರಿಗೂ, ಮನೆಯ ದನಗಳ ಪಾಲನ್ನು ಬಿಟ್ಟು, 500 ಕಿಲೋ ಹುಲ್ಲು ಇದೆ. ಒಬ್ಬನು ತನ್ನ ಕೈಯ ಹಣದಿಂದ ಎರಡು ಕರುಗಳನ್ನು ಕೊಂಡನು. ಅವನ ಹುಲ್ಲು ನೂರು ದಿವಸಕ್ಕೆ ಸಾಕಾಯಿತು. ಮತ್ತೊಬ್ಬನು ಹೆಚ್ಚು ಲಾಭವನ್ನು ಆಶಿಸಿ, ಸಾಲ ಮಾಡಿ ನಾಲ್ಕನ್ನು ಕೊಂಡನು. ಅವನ ಹುಲ್ಲು ಐವತ್ತೇ ದಿವಸಗಳಲ್ಲಿ, ಅಂದರೆ ಸಂಕ್ರಾಂತಿಯ ಹೊತ್ತಿಗೆ, ತೀರಿತು. ಆಗ ಅವನು ಹುಲ್ಲಿಗಾಗಿ ಮತ್ತೆ ಸಾಲ ಮಾಡಬೇಕು, ಇಲ್ಲವೆ ಇನ್ನೂ ಮೈತುಂಬದ ಕರುಗಳನ್ನು ಸಿಕ್ಕಿದ ಬೆಲೆಗೆ ಮಾರಬೇಕು. ಕರುಗಳು ನಾಲ್ಕಾದರೂ ಲಾಭವು ಒಂದರದ್ದೂ ಅಲ್ಲ.

2. ಸಂತೆಯಲ್ಲಿ ಆರಿಸುವ ರೀತಿ

ಆರು ತಿಂಗಳಿಗಿಂತ ಎಳೆಯ ಕರುವನ್ನು ಈ ಕೆಲಸಕ್ಕೆ ಕೊಳ್ಳಬೇಡಿರಿ. ಯಾಕಂದರೆ ತಾಯಿಯ ಹಾಲಿನಿಂದ ಬೇಗ ಬಿಡಿಸಿದ ಕರುವಿನ ಹೊಟ್ಟೆಯು ಒಣಹುಲ್ಲನ್ನು ಚೆನ್ನಾಗಿ ಅರಗಿಸಲಾರದು. ಬಾಯಿ ಬಿಡಿಸಿ ನೋಡಿರಿ. ಹಾಲುಹಲ್ಲುಗಳೇ ಇದ್ದರೆ ವಯಸ್ಸು ಸಾಧಾರಣವಾಗಿ ಎರಡು ವರುಷದೊಳಗೆ. ಕಣ್ಣು ತಿಳಿಯಾಗಿಯೂ ಮೂಗು ತೇವವಾಗಿಯೂ ಇರಬೇಕು. ಬಾಲದ ಬುಡಕ್ಕೆ ಸಗಣಿ ಮೆತ್ತಿದ್ದರೆ ಭೇದಿ ಇದೆಯೆಂದು ತಿಳಿಯಿರಿ. ಹೊಕ್ಕುಳು ಊದಿದ್ದನ್ನೂ, ಕೂದಲು ಒರಟಾಗಿ ಹೊಟ್ಟೆ ಮಾತ್ರ ದಪ್ಪವಾದದ್ದನ್ನೂ ಬಿಡಿರಿ. ನಡೆಸಿ ನೋಡದೆ ಯಾವದನ್ನೂ ಕೊಳ್ಳಬಾರದು.

ಕಣ್ಣಂದಾಜು ಮೋಸಮಾಡುವದು, ಒಂದು ಟೇಪು ಇರಲಿ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಬಾಲದ ಪಕ್ಕದ ಎಲುಬಿನ ವರೆಗೆ ಉದ್ದವನ್ನೂ ಅಂಗುಲಗಳಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ತೂಕವು ಸುಮಾರಾಗಿ ಸಿಕ್ಕುವದು. ಸುತ್ತಳತೆ 42, ಉದ್ದ 38 ಅಂಗುಲವಾದರೆ ತೂಕವು ಸುಮಾರು 101 ಕಿಲೋ.

ಎತ್ತರದಲ್ಲಿಯೂ ಬಣ್ಣದಲ್ಲಿಯೂ ಕೊಂಬಿನಲ್ಲಿಯೂ ಹೊಂದುವ ಜೋಡಿಗೆ ಒಂಟಿ ಕರುಗಳಿಗಿಂತ ಹೆಚ್ಚು ಬೆಲೆ ಬರುವದು. ಮೈಮೇಲಿನ ಸುಳಿಯಿಂದ ಕರುವಿನ ಬಲವು ಹೆಚ್ಚುವದೂ ಇಲ್ಲ, ಕುಂದುವದೂ ಇಲ್ಲ. ಆದರೆ ನಾಳೆ ಕೊಳ್ಳುವವನು ಸುಳಿಯನ್ನು ನೋಡುವನು. ಆದಕಾರಣ ಜನರು ಕೆಟ್ಟದ್ದೆನ್ನುವ ಸುಳಿಯುಳ್ಳ ಕರುವಿಗೆ ಪೂರ್ಣ ಬೆಲೆಯನ್ನು ಕೊಡಬೇಡಿರಿ. ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ದಲ್ಲಾಳಿಗೆ ಕೈಕೊಡುವ ಮುಂಚೆ, ನೀವು ಕೊಡಬಹುದಾದ ಕಡೆಯ ಬೆಲೆಯನ್ನು ಮನಸ್ಸಿನಲ್ಲಿ ಸ್ಥಿರಮಾಡಿಕೊಂಡಿರ್ರಿ.

3. ಮನೆಗೆ ತಂದ ಮೇಲೆ

ಹೊಸ ಕರುವನ್ನು ಮೂವತ್ತು ದಿವಸ ಬೇರೆ ಕಟ್ಟತಕ್ಕದ್ದು. ರೋಗವು ಸಂತೆಯಿಂದ ಹಟ್ಟಿಗೆ ಬರುವದು ಹೀಗೆಯೇ. 2022ರಲ್ಲಿ ಚರ್ಮಗಂಟು ರೋಗವು ಹಬ್ಬಿದಾಗ ನಮ್ಮ ರಾಜ್ಯದಲ್ಲಿ ದನದ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತಲ್ಲವೇ? ಕಿವಿಯಲ್ಲಿ 12 ಅಂಕಿಗಳ ಓಲೆ ಇದ್ದರೆ, ಅದನ್ನು ಪಶುವೈದ್ಯರಿಗೆ ತೋರಿಸಿ ಯಾವ ಲಸಿಕೆಗಳಾಗಿವೆಯೆಂದು ವಿಚಾರಿಸಿರಿ. ಕಾಲುಬಾಯಿ ಜ್ವರದ ಲಸಿಕೆಯು ನಾಲ್ಕು ತಿಂಗಳು ತುಂಬಿದ ಕರುಗಳಿಗೆ ಸಲ್ಲುವದು. ಜಂತುವಿನ ಔಷಧವನ್ನು ಅವರ ಮಾತಿನಂತೆ ತೂಕ ನೋಡಿ ಕೊಡಿರಿ. ಹೊಟ್ಟೆಯಲ್ಲಿ ಹುಳವಿದ್ದರೆ ನೀವು ಕೊಟ್ಟ ಹಿಂಡಿಯು ಹುಳಕ್ಕೇ ಹೋಗುವದು.

ಹಸಿದು ಬಂದ ಕರುವಿಗೆ ಮೊದಲ ದಿವಸವೇ ಹಿಂಡಿ ನುಚ್ಚು ತುಂಬಿಸುವದು ಪ್ರೀತಿಯಲ್ಲ, ಅಪಾಯ. ಕಾಳು ಹೊಟ್ಟೆಯಲ್ಲಿ ಹುಳಿತು ಕರುವು ಸತ್ತೇ ಹೋಗಬಹುದು. ನೀರನ್ನೂ ಹುಲ್ಲನ್ನೂ ಕೊಟ್ಟು, ಹಿಂಡಿಯನ್ನು ಹತ್ತು ದಿವಸಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿರಿ. ರಾತ್ರಿ ಮಲಗುವ ನೆಲವು ಒಣಗಿರಲಿ. ಚಳಿಗಾಳಿ ಬೀಸುವ ಕಡೆಗೆ ಗೋಣಿತಾಟು ಕಟ್ಟಿರಿ. ಹೀಗೆ ಸಾಕಿದ ನಾಟಿ ಕರುವು ದಿನಕ್ಕೆ 300 ಗ್ರಾಮಿನಷ್ಟು, ನೂರು ದಿವಸದಲ್ಲಿ 30 ಕಿಲೋ, ಬೆಳೆಯಬಹುದು.

4. ಲಾಭದ ಸತ್ಯವಾದ ಲೆಕ್ಕ

ಇಲ್ಲಿ ಹೇಳುವ ಬೆಲೆಗಳು ಉದಾಹರಣೆಗಾಗಿ. ನಿಮ್ಮ ಸಂತೆಯ ಬೆಲೆಗಳನ್ನು ಹಾಕಿಕೊಳ್ಳಿರಿ. ಜೋಡಿಯನ್ನು 20,000 ರೂಪಾಯಿಗೆ ಕೊಂಡು 29,000ಕ್ಕೆ ಮಾರಿದಿರಿ. ಲಾಭವು 9,000 ಎಂದು ಹೇಳುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ. ಹಿಂಡಿ ಬೂಸಾ 150 ಕಿಲೋ, ಕಿಲೋಗೆ 30ರಂತೆ 4,500. ಹುಲ್ಲು 500 ಕಿಲೋ, ಕಿಲೋಗೆ 5ರಂತೆ 2,500. ಔಷಧ, ಗಾಡಿ, ಜಾತ್ರೆಯ ಖರ್ಚು 1,000. ಉಳಿದದ್ದು ಒಂದೇ ಸಾವಿರ. ಹುಲ್ಲು ಸ್ವಂತದ್ದಾದರೆ 3,500 ಕೈಯಲ್ಲಿ ನಿಲ್ಲುವದು, ಗೊಬ್ಬರವೂ ಹೊಲಕ್ಕೆ ಸೇರುವದು. ಹುಲ್ಲನ್ನು ಕೊಂಡು, ಆ 20,000ವನ್ನೂ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಗೆ ತಂದವನಾದರೋ, ಮೂರು ತಿಂಗಳಿಗೆ 1,800 ಬಡ್ಡಿ ಕೊಟ್ಟು 800 ರೂಪಾಯಿ ನಷ್ಟದಲ್ಲಿರುವನು. ಕರುಗಳು ಚೆನ್ನಾಗಿ ಬೆಳೆದರೂ ಮನೆಯು ಬಡವಾಯಿತು!

ಜಾತ್ರೆಗೆ ಲಾರಿಯಲ್ಲಿ ಸಾಗಿಸುವದಾದರೆ, 1978ರ ನಿಯಮಗಳ ಪ್ರಕಾರ ಪಶುವೈದ್ಯರ ಯೋಗ್ಯತಾಪತ್ರವು ಬೇಕು. ಮಾರುವಾಗ ಕರುವಿನ ದೋಷವನ್ನು ಮುಚ್ಚಬೇಡಿರಿ. ಈ ವರುಷ ನಂಬಿ ಕೊಂಡವನೇ ಬರುವ ವರುಷ ನಿಮ್ಮನ್ನು ಹುಡುಕಿಕೊಂಡು ಬರುವನು.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಿಮ್ಮ ಬಣವೆಯ ಹುಲ್ಲು ಎಷ್ಟು ಕರುಗಳಿಗೆ ನೂರು ದಿವಸ ಸಾಕಾಗುವದು?
2. ಹೊಸ ಕರುವನ್ನು ಬೇರೆ ಕಟ್ಟುವದು ಯಾಕೆ?
3. ಸ್ವಂತ ಹುಲ್ಲಿನ ಬೆಲೆಯನ್ನು ಲೆಕ್ಕಕ್ಕೆ ಯಾಕೆ ಹಿಡಿಯಬೇಕು?
4. ನಾಲ್ಕು ಕರು ಕೊಂಡ ರೈತನು ನಿಮ್ಮ ನೆರೆಯವನಾದರೆ, ಸಂತೆಗೆ ಹೊರಡುವ ಮುಂಚೆ ಅವನಿಗೆ ಏನು ಹೇಳುತ್ತಿದ್ದಿರಿ?